ಮೂರು ತಿಂಗಳಿಗೇ ಬಿರಿದ ಹೊಸ ಕೂಲಂಟ್ ಟ್ಯಾಂಕ್: ವಿಜಯಪುರದ ಒಂದು ಪ್ರಕರಣ

ಕೂಲಂಟ್ ಟ್ಯಾಂಕ್, ಅಂದರೆ ಎಂಜಿನ್ ತಣಿಸುವ ನೀರಿನ ಟ್ಯಾಂಕ್, ಸೋರಿದರೆ ಬೇರೆ ಟ್ಯಾಂಕ್ ಹಾಕಿ ಕಳಿಸುವುದು ಗ್ಯಾರೇಜಿನ ರೂಢಿ. ಬಹಳಷ್ಟು ಸಲ ಅದು ಸರಿಯೇ. ಹತ್ತು ವರ್ಷ ಎಂಜಿನ್ ಪಕ್ಕದಲ್ಲೇ ಕೂತು ಬಿಸಿ ತಿಂದ ಪ್ಲಾಸ್ಟಿಕ್ ಒಡೆಯದೆ ಏನು ಮಾಡೀತು? ಆದರೆ ಹೊಸ ಟ್ಯಾಂಕ್ ಮೂರು ತಿಂಗಳಿಗೆ, ಅದೂ ಹಳೆಯದು ಒಡೆದ ಜಾಗದಲ್ಲೇ ಬಿರಿದರೆ ಬೇರೆ ಮಾತು. ಆಗ ಟ್ಯಾಂಕನ್ನು ಬೈಯುವ ಮುಂಚೆ ಅದರ ಮೇಲೆ ಎಷ್ಟು ಒತ್ತಡ ಬೀಳುತ್ತಿದೆ ಎಂದು ನೋಡಬೇಕು. ಮಾರ್ಚ್ ತಿಂಗಳಲ್ಲಿ ನಮ್ಮ ಗ್ಯಾರೇಜಿಗೆ ಬಂದ ಕಾರು ಅಂಥದ್ದು. ಮಾಲೀಕರ ಒಪ್ಪಿಗೆ ಪಡೆದು ಪೂರ್ತಿ ಬರೆಯುತ್ತಿದ್ದೇನೆ.

ಕಾರು ಮತ್ತು ದೂರು

2012ರ ಡೀಸೆಲ್ ಹ್ಯಾಚ್‌ಬ್ಯಾಕ್. 1.3 ಲೀಟರ್ ಎಂಜಿನ್. ಓಡಿದ್ದು 1 ಲಕ್ಷ 40 ಸಾವಿರ ಕಿ.ಮೀ. ಮೇಲೆ. ಮಾಲೀಕರು ನಿವೃತ್ತ ಹೈಸ್ಕೂಲ್ ಮಾಸ್ತರರು. ಮನೆ ವಿಜಯಪುರದಲ್ಲಿ, ಹೊಲ ಕೊಲ್ಹಾರದ ಕಡೆ. ವಾರಕ್ಕೊಮ್ಮೆಯಾದರೂ ಹೋಗಿ ಬರುತ್ತಾರೆ. ಬರುವಾಗ ಮಡಿಕೆಯಲ್ಲಿ ಕೊಲ್ಹಾರದ ಮೊಸರು ತರುವುದು ತಪ್ಪುವುದಿಲ್ಲ. ಅದರ ಪಾಲು ನಮಗೂ ಆಗಾಗ ಬರುತ್ತದೆ, ಅದು ಬೇರೆ ವಿಷಯ.

ಅವರ ಮಾತಲ್ಲೇ ದೂರು ಇಷ್ಟು: "ವಾರಕ್ಕ ಅರ್ಧ ಲೀಟರ್ ನೀರು ಕುಡಿಲಾಕತ್ತದ ನೋಡ್ರಿ. ಎಲ್ಲಿ ಹೋಗ್ತದೋ ಗೊತ್ತಾಗವಲ್ದು. ಮುಳ್ಳು ಮಾತ್ರ ನಡುವೇ ನಿಂತಿರ್ತದ."

ಗಾಡಿ ನಿಲ್ಲಿಸಿದ ಮೇಲೆ ಬಾನೆಟ್ ಹತ್ತಿರ ಸಿಹಿ ವಾಸನೆ ಬರುತ್ತದೆ ಎಂದೂ ಹೇಳಿದರು. ಇನ್ನೊಂದು ಘಟನೆ ಮುಖ್ಯವಾದದ್ದು. ಕಬ್ಬು ಸಾಗಿಸುವ ಕಾಲ. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಬಿದ್ದು, ಮಟಮಟ ಮಧ್ಯಾಹ್ನ, ಎಸಿ ಹಾಕಿಕೊಂಡು ಆಮೆ ನಡಿಗೆಯಲ್ಲಿ ಬರುವಾಗ ಕೆಂಪು ದೀಪ ಹತ್ತಿದೆ. ಬಾನೆಟ್ ಎತ್ತಿದರೆ ಟ್ಯಾಂಕಿನ ಪಕ್ಕದಿಂದ ಹಬೆ. ಮಾಸ್ತರರು ಬುದ್ಧಿವಂತರು, ಮುಚ್ಚಳಕ್ಕೆ ಕೈ ಹಾಕಲಿಲ್ಲ. ಬೇವಿನ ಗಿಡದ ನೆರಳಲ್ಲಿ ಒಂದು ತಾಸು ಕೂತು, ತಣ್ಣಗಾದ ಮೇಲೆ ನೀರು ತುಂಬಿಕೊಂಡು ಊರು ಸೇರಿದರು.

ಡ್ಯಾಶ್‌ಬೋರ್ಡಿನ ತಾಪದ ಮುಳ್ಳು ನಡುವೆ ನಿಂತಿತ್ತು ಎನ್ನುವ ಮಾತಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನಂಬಿ ಎಂಜಿನ್ ಸುಟ್ಟುಕೊಂಡವರಿದ್ದಾರೆ. ಈಚಿನ ಕಾರುಗಳಲ್ಲಿ ಆ ಮುಳ್ಳು ಇದ್ದ ತಾಪವನ್ನು ಇದ್ದ ಹಾಗೆ ತೋರಿಸುವುದಿಲ್ಲ. ಹೆಚ್ಚುಕಡಿಮೆ 80ರಿಂದ 100 ಡಿಗ್ರಿ ದಾಟುವವರೆಗೂ ನಡುವೆಯೇ ನಿಲ್ಲುವಂತೆ ಕಂಪನಿಯವರೇ ಮಾಡಿರುತ್ತಾರೆ. ಮುಳ್ಳು ಸ್ವಲ್ಪ ಅಲ್ಲಾಡಿದರೂ ಜನ ಗಾಬರಿಯಾಗಿ ಸರ್ವಿಸ್‌ಗೆ ಓಡಿ ಬರುತ್ತಾರೆ ಅಲ್ವಾ, ಅದಕ್ಕೆ. ಇನ್ನೂ ಕೆಟ್ಟದ್ದೆಂದರೆ, ಸೆನ್ಸರ್ ಇರುವ ಜಾಗದಲ್ಲಿ ನೀರೇ ಇಲ್ಲದಿದ್ದರೆ ಅದು ಬರಿ ಹಬೆಯನ್ನು ಅಳೆಯುತ್ತದೆ. ಆಗ ಎಂಜಿನ್ ಕಾಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು.

ನಮ್ಮ ಹತ್ತಿರ ಬರುವ ಮುಂಚೆ

ಮೊದಲ ಟ್ಯಾಂಕ್ ಕಾರಿನ ಜೊತೆಗೇ ಬಂದದ್ದು. ಹಿಂದಿನ ವರ್ಷ ಅದರ ಜೋಡಣೆಯ ಗೆರೆಯಲ್ಲಿ ಹನಿ ಕಂಡಿದೆ. ಒಂದು ಕಡೆ ಎಂ-ಸೀಲ್ ಮೆತ್ತಿ ಕಳಿಸಿದ್ದಾರೆ. ಅದು ಒಂದು ತಿಂಗಳೂ ತಡೆಯಲಿಲ್ಲ. ಇನ್ನೊಂದು ಕಡೆ ಕಾಯಿಸಿದ ಸೋಲ್ಡರಿಂಗ್ ಕಡ್ಡಿಯಿಂದ ಕೇಬಲ್ ಟೈ ಕರಗಿಸಿ ಬೆಸೆದಿದ್ದಾರೆ. ಅದೂ ಬಿಟ್ಟಿದೆ. ಕೊನೆಗೆ ಡಿಸೆಂಬರ್‌ನಲ್ಲಿ ಹೊಸ ಲೋಕಲ್ ಟ್ಯಾಂಕ್ ಹಾಕಿಸಿದ್ದಾರೆ. ಮುಚ್ಚಳ ಹಳೆಯದೇ. ಈಗ ಆ ಹೊಸ ಟ್ಯಾಂಕೂ ಬಿರಿದಿದೆ.

ಮತ್ತೊಬ್ಬರು ನೋಡಿ "ಹೆಡ್ ಗ್ಯಾಸ್ಕೆಟ್ ಹೋಗ್ಯಾದ, ಹೆಡ್ ಇಳಿಸಬೇಕು" ಎಂದು ಇಪ್ಪತ್ತೈದು ಸಾವಿರದ ಲೆಕ್ಕ ಕೊಟ್ಟರಂತೆ. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು. ಮಾಸ್ತರರು ನಮ್ಮ ಕಡೆ ಬಂದದ್ದು ಆ ಲೆಕ್ಕ ಕೇಳಿ ಎದೆ ಧಸಕ್ಕೆಂದ ಮೇಲೆ.

ಈ ನಡುವೆ ಎಸಿ ಗ್ಯಾಸನ್ನೂ ತುಂಬಿಸಿದ್ದರು. ಗಾಡಿ ಓಡುವಾಗ ತಂಪು ಬರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ ಬರುತ್ತದೆ ಎಂದು. ಗ್ಯಾಸ್ ತುಂಬಿಸಿದ ಮೇಲೂ ಹಾಗೇ ಇದೆ. ಇದನ್ನು ಅವರು ಬೇರೆಯದೇ ದೂರು ಎಂದುಕೊಂಡು ಕೊನೆಯಲ್ಲಿ, ಹೊರಡುವ ಹೊತ್ತಿಗೆ ಹೇಳಿದರು. ನನಗೆ ಕೇಸಿನ ಅರ್ಧ ಅಲ್ಲೇ ಸಿಕ್ಕಿತು.

ತಣ್ಣಗಿದ್ದಾಗ ನೋಡಿದ್ದು

ಗಾಡಿಯನ್ನು ರಾತ್ರಿ ನಮ್ಮಲ್ಲೇ ಬಿಡಿಸಿಕೊಂಡೆವು. ಕೂಲಂಟ್ ಕೆಲಸಕ್ಕೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಸುಡುವ ಭಯ ಒಂದು ಕಾರಣ. ಇನ್ನೊಂದು, ಬಿಸಿಯಿದ್ದಾಗ ಸೋರಿದ ಹನಿ ಅಲ್ಲೇ ಆವಿಯಾಗಿ ಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಬೆಳಿಗ್ಗೆ ಬಾನೆಟ್ ಎತ್ತಿದಾಗ ಮೊದಲು ಕಂಡದ್ದು ಟ್ಯಾಂಕ್ ಅಲ್ಲ. ರೇಡಿಯೇಟರಿನ ಮೇಲಿನ ಹೋಸ್ ಚಪ್ಪಟೆಯಾಗಿತ್ತು, ಯಾರೋ ಒಳಗಿಂದ ಎಳೆದ ಹಾಗೆ. ಮುಚ್ಚಳ ತಿರುಗಿಸಿದ ಕೂಡಲೇ ಸುಯ್ ಎಂದು ಗಾಳಿ ಒಳಗೆ ಹೋಗಿ ಹೋಸ್ ಗುಂಡಗಾಯಿತು. ಬಿರುಕಿರುವ ಟ್ಯಾಂಕಿನಲ್ಲೂ ಹೀಗಾಗುತ್ತದಾ? ಆಗುತ್ತದೆ. ಕೂದಲೆಳೆಯಷ್ಟು ಬಿರುಕು ಒಳಗಿನಿಂದ ಒತ್ತಿದರೆ ತೆರೆದುಕೊಳ್ಳುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ.

ಟ್ಯಾಂಕ್ ಅರೆಪಾರದರ್ಶಕ ಬಿಳಿ ಪ್ಲಾಸ್ಟಿಕ್. ಎರಡು ಅರ್ಧಗಳನ್ನು ಬಿಸಿ ಮಾಡಿ ಒತ್ತಿ ಜೋಡಿಸಿರುತ್ತಾರೆ, ಆ ಜೋಡಣೆಯ ಗೆರೆ ಸುತ್ತಲೂ ಕಾಣುತ್ತದೆ. ಎಂಜಿನ್ ಕಡೆಯ ಮಗ್ಗುಲಲ್ಲಿ ಆ ಗೆರೆಯಿಂದ ಕೆಳಕ್ಕೆ ಬಿಳಿ ಪೊರೆ ಇಳಿದಿತ್ತು. ಅದು ಕೂಲಂಟಿನ ಬಣ್ಣವಲ್ಲ, ಬೋರ್ ನೀರಿನ ಉಪ್ಪು. ಒಳಗಿದ್ದ ನೀರು ಗಿಲಾವಿನ ಬಣ್ಣಕ್ಕೆ ತಿರುಗಿತ್ತು. ಮುಖ್ಯವಾದ ಇನ್ನೊಂದು ಸಂಗತಿ: ಮ್ಯಾಕ್ಸ್ ಗೆರೆಯ ಮೇಲೆ, ಕುತ್ತಿಗೆಯವರೆಗೂ ನೀರು ನಿಂತ ಗುರುತು ಇತ್ತು. ಕೇಳಿದರೆ ಮಾಸ್ತರರು ಹೇಳಿದರು, "ಜಾಸ್ತಿ ಹಾಕಿದ್ರ ಜಾಸ್ತಿ ದಿನ ಬರ್ತದಲ್ರಿ ಸುಮ್ನ?"

ನಂತರ ಕೈಪಂಪಿನ ಪ್ರೆಷರ್ ಟೆಸ್ಟರ್ ಕಟ್ಟಿದೆವು. ಮುಚ್ಚಳದ ಜಾಗಕ್ಕೆ ಅಡಾಪ್ಟರ್ ಕೂರಿಸಿ ಗಾಳಿ ಒತ್ತುವುದು, ಗೇಜು ನಿಲ್ಲುತ್ತದೋ ಇಳಿಯುತ್ತದೋ ನೋಡುವುದು, ಅಷ್ಟೇ ಕೆಲಸ. 0.6 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ಏನೂ ಇಲ್ಲ. 1 ಬಾರ್ ಹತ್ತಿರ ಬಂದಾಗ ಜೋಡಣೆಯಲ್ಲಿ ಹನಿ ಮೂಡಿತು, ಗೇಜು ಇಳಿಯತೊಡಗಿತು. ಸುಮಾರು ಎರಡು ಇಂಚು ಬಿರುಕು. ವಾಟರ್ ಪಂಪ್, ರೇಡಿಯೇಟರಿನ ಅಂಚು, ಹೀಟರ್ ಪೈಪು, ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎಲ್ಲ ಒಣಗಿದ್ದವು. ಸೋರಿಕೆ ಇದೊಂದೇ.

ಹೆಡ್ ಗ್ಯಾಸ್ಕೆಟ್ ಹೋಗಿತ್ತಾ?

ಆ ಗ್ಯಾರೇಜಿನವರು ಸುಳ್ಳು ಹೇಳಿರಲಿಕ್ಕಿಲ್ಲ. ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ನೀರು ಹೊರಗೆ ಎಸೆಯುತ್ತದೆ, ಟ್ಯಾಂಕ್ ಮೇಲೆ ಟ್ಯಾಂಕ್ ಒಡೆಯುತ್ತದೆ. ಇಷ್ಟು ನೋಡಿದರೆ ಯಾರಿಗೂ ಹೆಡ್ ಗ್ಯಾಸ್ಕೆಟ್ ನೆನಪಾಗುತ್ತದೆ. ಸಿಲಿಂಡರಿನ ಗಾಳಿ ನೀರಿನ ದಾರಿಗೆ ನುಗ್ಗಿದರೆ ಇವೆಲ್ಲ ಆಗುತ್ತವೆ. ಆದರೆ ಹೋಸ್ ಯಾವಾಗ ಗಟ್ಟಿಯಾಗುತ್ತದೆ ಎಂಬುದನ್ನು ಅವರು ನೋಡಿರಲಿಲ್ಲ.

ಗ್ಯಾಸ್ಕೆಟ್ ಹೋಗಿದ್ದರೆ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬೆಚ್ಚಗೂ ಆಗದಿರುವಾಗಲೇ, ಹೋಸ್ ಬಿಗಿಯಾಗುತ್ತದೆ. ಮರುದಿನ ಬೆಳಿಗ್ಗೆಯೂ ಒಳಗೆ ಒತ್ತಡ ಉಳಿದಿರುತ್ತದೆ. ಇಲ್ಲಿ ಎರಡೂ ಉಲ್ಟಾ. ಕಾದ ಮೇಲೆ ಮಾತ್ರ ಬಿಗಿ, ಬೆಳಿಗ್ಗೆಗೆ ಚಪ್ಪಟೆ.

ಆದರೂ ಬಾಯಿಮಾತಿಗೆ ಬಿಡಲಿಲ್ಲ. ನೀಲಿ ದ್ರವದ ಪರೀಕ್ಷೆ ಮಾಡಿದೆವು. ಟ್ಯಾಂಕಿನ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆಯಬೇಕು. ಸುಟ್ಟ ಗಾಳಿಯ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಸಿರಿಗೆ ಇಲ್ಲವೇ ಹಳದಿಗೆ ತಿರುಗುತ್ತದೆ. ಡೀಸೆಲ್ ಎಂಜಿನ್ ಸುಮ್ಮನೆ ನಿಂತು ಓಡುವಾಗ ಬಹಳ ಗಾಳಿ, ಕಡಿಮೆ ಎಣ್ಣೆ ಉರಿಸುತ್ತದೆ. ಹಾಗಾಗಿ ಅದರ ಹೊಗೆಯಲ್ಲಿ ಈ ಅನಿಲ ಕಡಿಮೆ. ಎಕ್ಸಿಲರೇಟರ್ ಕೊಟ್ಟು, ಸ್ವಲ್ಪ ಹೆಚ್ಚು ಹೊತ್ತು ಎಳೆಯಬೇಕು. ಎಳೆದೆವು. ನೀಲಿ ನೀಲಿಯಾಗೇ ಉಳಿಯಿತು. ಎಂಜಿನ್ ಆಯಿಲ್‌ನಲ್ಲಿ ಹಾಲಿನ ಬಣ್ಣವಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯಿಲ್ಲ. ಇಪ್ಪತ್ತೈದು ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಮುಚ್ಚಳ, ಫ್ಯಾನ್, ತುಂಬಿ ತುಳುಕುವ ಟ್ಯಾಂಕ್

ಕೆಲವು ಕಾರುಗಳಲ್ಲಿ ಒತ್ತಡದ ಮುಚ್ಚಳ ರೇಡಿಯೇಟರ್ ಮೇಲೆ ಇರುತ್ತದೆ. ಪಕ್ಕದ ಬಾಟ್ಲಿ ಬರಿ ಉಕ್ಕಿದ ನೀರು ಹಿಡಿದಿಡಲಿಕ್ಕೆ, ಅದರ ಮೇಲೆ ಒತ್ತಡವೇ ಬೀಳುವುದಿಲ್ಲ. ಅಂಥ ಬಾಟ್ಲಿ ಸೋರಿದರೆ ಅವಸರವಿಲ್ಲ, ಬೆಸೆದರೂ ನಡೆಯುತ್ತದೆ. ಈ ಕಾರಿನದು ಹಾಗಲ್ಲ. ಒತ್ತಡದ ಮುಚ್ಚಳ ಟ್ಯಾಂಕಿನ ಮೇಲೇ ಇದೆ. ಎಂಜಿನ್ನಿನ ಒಳಗೆ ಎಷ್ಟು ಒತ್ತಡವೋ ಟ್ಯಾಂಕಿನಲ್ಲೂ ಅಷ್ಟೇ. ನಿಮ್ಮ ಕಾರಿನಲ್ಲಿ ಯಾವುದು ಎಂದು ತಿಳಿಯಲು ಬಾನೆಟ್ ಎತ್ತಿ ಬಾರ್ ಅಂಕಿ ಬರೆದ ಮುಚ್ಚಳ ಎಲ್ಲಿದೆ ನೋಡಿದರೆ ಸಾಕು.

ಒತ್ತಡ ಯಾಕೆ ಬೇಕು? ವಿಜಯಪುರ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದೇ 90ರ ಮೇಲೆ. ಮುಚ್ಚಿ 1 ಬಾರ್ ಒತ್ತಡ ಬಂದರೆ ಬರಿ ನೀರೂ 120 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದರೆ ಇನ್ನೂ ಕೆಲವು ಡಿಗ್ರಿ ಸಿಗುತ್ತದೆ. ಒತ್ತಡ ಮಿತಿ ಮೀರದಂತೆ ನೋಡಿಕೊಳ್ಳುವುದು ಮುಚ್ಚಳದ ಕೆಲಸ, ಕುಕ್ಕರಿನ ಸೀಟಿ ಹಾಗೆ. ಅದರೊಳಗೆ ಎರಡು ವಾಲ್ವ್ ಇರುತ್ತವೆ. ಒಂದು ಒತ್ತಡ ಹೆಚ್ಚಾದಾಗ ಹೊರಗೆ ಬಿಡುತ್ತದೆ. ಇನ್ನೊಂದು ತಣ್ಣಗಾಗುವಾಗ ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತದೆ.

ಈ ಮುಚ್ಚಳದ ಮೇಲೆ 1.4 ಎಂದಿತ್ತು. ಟೆಸ್ಟರಿಗೆ ಹಾಕಿ ಒತ್ತಿದೆವು. 1.4 ಆಯಿತು, 1.6 ಆಯಿತು, 1.9 ಆಯಿತು. ಬಿಡಲಿಲ್ಲ. ಅಲ್ಲಿಗೆ ನಿಲ್ಲಿಸಿದೆವು, ಟೆಸ್ಟರ್ ನಮ್ಮದಲ್ವಾ. ಎದುರು ದಿಕ್ಕಿನ ವಾಲ್ವೂ ಅಂಟಿಕೊಂಡಿತ್ತು, ಅದಕ್ಕೇ ಹೋಸ್ ಚಪ್ಪಟೆ. ಬಿಚ್ಚಿ ನೋಡಿದರೆ ರಬ್ಬರ್ ಸೀಲಿನ ಸುತ್ತ ಸುಣ್ಣ ಕಟ್ಟಿತ್ತು. ನಮ್ಮ ಬೋರಿನ ಸವಳು ನೀರು ಗೀಸರಿಗೆ ಏನು ಮಾಡುತ್ತದೋ ಇಲ್ಲಿಗೂ ಅದನ್ನೇ ಮಾಡಿದೆ.

ಇನ್ನು ಎಸಿ ಮಾತು. ರೇಡಿಯೇಟರ್ ಫ್ಯಾನಿಗೆ ಎರಡು ವೇಗ ಇವೆ. ಎಸಿ ಹಾಕಿದ ಕೂಡಲೇ ಮೊದಲ ವೇಗ ಶುರುವಾಗಬೇಕು. ಮಾಸ್ತರರನ್ನೇ ಸ್ಟೇರಿಂಗ್ ಹಿಂದೆ ಕೂರಿಸಿ ಎಸಿ ಹಾಕಿಸಿದೆ. ಕಂಪ್ರೆಸರ್ ಟಕ್ ಎಂದಿತು, ಫ್ಯಾನ್ ಅಲ್ಲಾಡಲಿಲ್ಲ. ಕಾರಿನ ಕಂಪ್ಯೂಟರಿಗೆ ಜೋಡಿಸಿದ ಸ್ಕ್ಯಾನರಿನಲ್ಲಿ ನೀರಿನ ತಾಪ ಏರುತ್ತಾ ಹೋಯಿತು. 103 ಮುಟ್ಟಿದಾಗ ಫ್ಯಾನ್ ಒಮ್ಮೆಲೇ ಜೋರು ವೇಗದಲ್ಲಿ ತಿರುಗಿ, ತಾಪ ಇಳಿಸಿ, ನಿಂತಿತು. ಮತ್ತೆ ಏರಿಕೆ. ಮೊದಲ ವೇಗದ ಕರೆಂಟ್ ಒಂದು ರೆಸಿಸ್ಟರ್ ಮೂಲಕ ಬರುತ್ತದೆ. ಅದು ಸುಟ್ಟಿತ್ತು. ಗಾಡಿ ಓಡುವಾಗ ಎದುರುಗಾಳಿ ಸಾಕು, ಹಾಗಾಗಿ ಎಸಿ ತಂಪು. ನಿಂತಾಗ ಗಾಳಿಯಿಲ್ಲ, ಎಸಿ ಬಿಸಿ, ಎಂಜಿನ್ನೂ ಬಿಸಿ. ಗ್ಯಾಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮೂರನೆಯದು ತುಂಬಿದ ಟ್ಯಾಂಕ್. ನೀರು 20 ಡಿಗ್ರಿಯಿಂದ 100ಕ್ಕೆ ಹೋದರೆ ಶೇಕಡಾ 4ರಷ್ಟು ಹಿಗ್ಗುತ್ತದೆ, ಕೂಲಂಟ್ ಬೆರೆತಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಆರು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಅದು ಕಾಲು ಲೀಟರ್. ಮ್ಯಾಕ್ಸ್ ಗೆರೆಯ ಮೇಲೆ ಖಾಲಿ ಜಾಗ ಬಿಟ್ಟಿರುವುದು ಈ ಕಾಲು ಲೀಟರಿಗೆ. ಗಾಳಿ ಅದುಮಿದರೆ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಕುತ್ತಿಗೆಯವರೆಗೆ ತುಂಬಿ, ಬಿಡದ ಮುಚ್ಚಳ ಬಿಗಿದು, ಟ್ರ್ಯಾಕ್ಟರ್ ಹಿಂದೆ ನಿಂತರೆ ಹಿಗ್ಗಿದ ನೀರಿಗೆ ಇರುವುದು ಒಂದೇ ದಾರಿ, ಜೋಡಣೆಯ ಗೆರೆ.

ಮೂರರಲ್ಲಿ ಒಂದೇ ಇದ್ದಿದ್ದರೆ ಟ್ಯಾಂಕ್ ತಡೆಯುತ್ತಿತ್ತು ಎಂದು ನನ್ನ ಅಂದಾಜು. ಲೋಕಲ್ ಟ್ಯಾಂಕಿನ ಗೋಡೆ ತೆಳುವಾಗಿದ್ದದ್ದೂ ನಿಜ. ಹಳೆಯದರ ಪಕ್ಕ ಇಟ್ಟು ಬೆರಳಿಂದ ಒತ್ತಿದರೆ ಗೊತ್ತಾಗುತ್ತಿತ್ತು. ಆದರೆ ಹಳೆಯದೂ ಅಲ್ಲೇ ಒಡೆದಿತ್ತು.

ಬೆಸೆಯೋಣವೋ, ಬದಲಿಸೋಣವೋ

ಅಸಲಿ ಟ್ಯಾಂಕ್ ಊರಲ್ಲಿ ಸಿಗಲಿಲ್ಲ. ಸೊಲ್ಲಾಪುರದಿಂದ ಬರಬೇಕು, ಎರಡು ಮೂರು ದಿನ ಎಂದರು. ಮಾಸ್ತರರಿಗೆ ಮರುದಿನವೇ ಜಮಖಂಡಿಯಲ್ಲಿ ಮದುವೆ. "ಬೀಗರ ಮುಂದ ಬಸ್ಸಿನ್ಯಾಗ ಹೋಗಿ ಇಳಿಲೇನ್ರಿ?" ಎಂದರು. ಹಾಗಾಗಿ ಈ ಕಾರಿನಲ್ಲಿ ಎರಡೂ ಆಯಿತು. ಮೊದಲು ಬೆಸುಗೆ, ಆಮೇಲೆ ಬದಲಿ.

ಹಿಂದಿನ ರಿಪೇರಿಗಳು ಯಾಕೆ ನಿಲ್ಲಲಿಲ್ಲ ಎಂದು ನೋಡಿದರೆ ಯಾವುದು ನಿಲ್ಲುತ್ತದೆ ಎಂದೂ ತಿಳಿಯುತ್ತದೆ. ಇಂಥ ಟ್ಯಾಂಕ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಎಲ್ಲೋ ಒಂದು ಮೂಲೆಯಲ್ಲಿ ಪಿಪಿ ಎಂಬ ಎರಡಕ್ಷರ ಅಚ್ಚಾಗಿರುತ್ತದೆ. ಇದು ಯಾವ ಅಂಟನ್ನೂ ಹತ್ತಿರ ಸೇರಿಸದ ಪ್ಲಾಸ್ಟಿಕ್. ಎಂ-ಸೀಲ್, ಅರಾಲ್ಡೈಟ್, ಫೆವಿಕ್ವಿಕ್ ಮೇಲೆ ಕೂರುತ್ತವೆ, ಆದರೆ ಹಿಡಿಯುವುದಿಲ್ಲ. ಬಿಸಿಯಾಗಿ ಹಿಗ್ಗಿ ಕುಗ್ಗಿದ ಕೂಡಲೇ ಬಿಲ್ಲೆಯ ಹಾಗೆ ಕಳಚಿ ಬರುತ್ತವೆ. ಕೇಬಲ್ ಟೈ ನೈಲಾನ್. ನೈಲಾನ್ ಮತ್ತು ಪಿಪಿ ಎರಡೂ ಕರಗುತ್ತವೆ, ಒಂದರೊಳಗೊಂದು ಬೆರೆಯುವುದಿಲ್ಲ. ಕಣ್ಣಿಗೆ ಬೆಸುಗೆ ಚೆಂದ ಕಾಣುತ್ತದೆ, ಒಳಗೆ ಬರಿ ಒತ್ತಿಕೊಂಡಿರುತ್ತದೆ. ಈ ಕೇಬಲ್ ಟೈ ಉಪಾಯ ಮೊಬೈಲ್ ವಿಡಿಯೋಗಳಿಂದ ಊರೂರಿಗೆ ಹಬ್ಬಿದೆ. ಮಾಡುವವರು ಒಮ್ಮೆ ತಣ್ಣಗಾದ ಮೇಲೆ ಉಗುರಿಂದ ಎಬ್ಬಿಸಿ ನೋಡಲಿ.

ಪಿಪಿಗೆ ಪಿಪಿಯೇ ಬೇಕು. ನಮ್ಮಲ್ಲಿ ಪಿಪಿ ಕಡ್ಡಿ ಇರುತ್ತದೆ. ಇಲ್ಲದಿದ್ದಾಗ ಗುಜರಿಗೆ ಹಾಕಿದ ಅದೇ ಥರದ ಟ್ಯಾಂಕಿನಿಂದ ಪಟ್ಟಿ ಕೊಯ್ದುಕೊಳ್ಳುತ್ತೇವೆ, ಅದು ಇನ್ನೂ ಚೆನ್ನಾಗಿ ಕೂಡುತ್ತದೆ. ಟ್ಯಾಂಕ್ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿದೆವು. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದೆವು. ಇದನ್ನು ಬಿಟ್ಟರೆ ಬೆಸುಗೆಯ ಆಚೆ ಬಿರುಕು ಮುಂದುವರಿಯುತ್ತದೆ. ಬಿರುಕಿನುದ್ದಕ್ಕೂ ಗೋಡೆಯ ಅರ್ಧ ದಪ್ಪಕ್ಕೆ ಗೀರು ತೆಗೆದು, ಬಿಸಿಗಾಳಿಯಲ್ಲಿ ಟ್ಯಾಂಕಿನ ಅಂಚು ಮತ್ತು ಕಡ್ಡಿ ಎರಡನ್ನೂ ಒಟ್ಟಿಗೆ ಮೆತ್ತಗೆ ಮಾಡಿ ಒತ್ತುತ್ತಾ ಹೋಗಬೇಕು. ಪಿಪಿ ಕರಗುವುದು 160 ಡಿಗ್ರಿ ಆಸುಪಾಸಿನಲ್ಲಿ. ಹೊಗೆ ಬಂದರೆ ಸುಟ್ಟಿತು ಎಂದರ್ಥ, ಆ ಜಾಗ ಕೆರೆದು ಮತ್ತೆ ಶುರು ಮಾಡಬೇಕು. ಅವಸರದ ಹುಡುಗರಿಗೆ ಈ ಕೆಲಸ ಕೊಡಬಾರದು. ನಮ್ಮಲ್ಲಿ ಹಿರಿಯ ಮಿಸ್ತ್ರಿ ಚಾಚಾ ಒಬ್ಬರೇ ಮಾಡುವುದು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಯಾರ ಜೊತೆಗೂ ಮಾತಾಡದೆ.

ತಣ್ಣಗಾದ ಮೇಲೆ ಟೆಸ್ಟರ್ ಕಟ್ಟಿ 1.4 ಬಾರ್‌ಗೆ ಒತ್ತಿ ಕಾಲು ತಾಸು ಬಿಟ್ಟೆವು. ಗೇಜು ಅಲ್ಲಾಡಲಿಲ್ಲ.

ಮದುವೆಗೆ ಕಳಿಸುವ ಮುಂಚೆ ಇನ್ನೆರಡು ಕೆಲಸ ಮಾಡಿದೆವು. ಹೊಸ ಮುಚ್ಚಳ, ಹೊಸ ರೆಸಿಸ್ಟರ್. ಇವೆರಡೂ ಸ್ಟೇಷನ್ ರಸ್ತೆಯ ಕಡೆ ಸಿಕ್ಕವು. ಮುಚ್ಚಳ ಕೊಳ್ಳುವಾಗ ಒಂದು ಮಾತು: ಗಾತ್ರ ಕೂತರೆ ಸಾಲದು, ಬಾರ್ ಅಂಕಿ ಅದೇ ಇರಬೇಕು. "ಇರ್ಲಿ ಬಿಡ್ರಿ, ಜಾಸ್ತಿ ಇದ್ರ ಚಲೋನೇ" ಎಂದು ಅಂಗಡಿಯವರು ದೊಡ್ಡ ಅಂಕಿಯದ್ದು ಕೊಟ್ಟರೆ ತರಬೇಡಿ. ಮೆತ್ತಗಿನ ಹೋಸ್, ಹಳೆಯ ರೇಡಿಯೇಟರ್ ಅಷ್ಟು ತಡೆಯುವುದಿಲ್ಲ.

ಜಮಖಂಡಿಗೆ ಹೋಗಿ ಬಂದ ಮೇಲೆ ನೋಡಿದರೆ ಬೆಸುಗೆ ಒಣಗಿತ್ತು, ನೀರಿನ ಮಟ್ಟ ಇಳಿದಿರಲಿಲ್ಲ. ಹೊರಗೆ ನಲವತ್ತರ ಬಿಸಿಲು, ಗಾಡಿಯಲ್ಲಿ ಐದು ಜನ. ಒತ್ತಡ ಸರಿಯಿದ್ದರೆ ಬೆಸೆದ ಲೋಕಲ್ ಟ್ಯಾಂಕೂ ತಡೆಯುತ್ತದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಮಾಸ್ತರರು ಕೇಳಿದ್ದೂ ಅದನ್ನೇ, "ನಿಂತದಲ್ರಿ, ಮತ್ಯಾಕ ಹೊಸಾದು?"

ನಾನು ಒಪ್ಪಲಿಲ್ಲ, ಹೊಸದೇ ಬೇಕು ಎಂದೆ. ಬೆಸೆದ ಎರಡು ಇಂಚಿನ ಮೇಲೆ ನನಗೆ ನಂಬಿಕೆ ಇದೆ. ಉಳಿದ ಜೋಡಣೆ ಮೂರು ತಿಂಗಳು ಮಿತಿ ಮೀರಿ ಉಬ್ಬಿ ಕುಗ್ಗಿದೆ. ಅದು ಮುಂದೆ ಎಲ್ಲಿ ಬಿಡುತ್ತದೆ ಎಂದು ಯಾರು ಹೇಳಬೇಕು? ಒತ್ತಡವಿಲ್ಲದ ಬಾಟ್ಲಿಯಾಗಿದ್ದರೆ ಬೆಸೆದು ಮರೆತುಬಿಡಿ ಎನ್ನುತ್ತಿದ್ದೆ. ಒತ್ತಡದ ಟ್ಯಾಂಕಿನಲ್ಲಿ ಬೆಸುಗೆ ಊರು ಮುಟ್ಟಿಸಲಿಕ್ಕೆ, ಸಾಮಾನು ಬರುವವರೆಗೆ. ಸಾವಿರ ಚಿಲ್ಲರೆ ಉಳಿಸಲು ಹೋಗಿ ಎಂಜಿನ್ ಹೆಡ್ ಬಾಗಿಸಿಕೊಳ್ಳುವುದು ಲೆಕ್ಕಕ್ಕೆ ಕೂರುವುದಿಲ್ಲ.

ಬದಲಿಸಿದ ದಿನ

ಟ್ಯಾಂಕ್ ಬಂತು. ಅದನ್ನು ಕೂರಿಸುವುದು ಅರ್ಧ ತಾಸಿನ ಕೆಲಸ. ಎರಡು ಬೋಲ್ಟ್, ಕೆಳಗೊಂದು ದಪ್ಪ ಹೋಸ್, ಮೇಲೊಂದು ಸಣ್ಣ ಹೋಸ್. ಹಳೆಯ ಕ್ಲಿಪ್ಪಿನ ಬಿಗುವು ಹೋಗಿತ್ತು, ಹೊಸದು ಹಾಕಿದೆವು. ಹೋಸ್ ಅಂಟಿಕೊಂಡಿದ್ದರೆ ಜಗ್ಗಬಾರದು, ತಿರುಚಿ ಬಿಡಿಸಬೇಕು. ಜಗ್ಗಿ ಹೊಸ ಟ್ಯಾಂಕಿನ ಮೂತಿ ಮುರಿದವರನ್ನು ನೋಡಿದ್ದೇನೆ.

ದಿನ ಹಿಡಿದದ್ದು ನೀರು. ಗಿಲಾವಿನ ನೀರು ಬಿಟ್ಟು, ಬ್ಯಾಟರಿ ನೀರು (ಉಪ್ಪಿಲ್ಲದ ಡಿಸ್ಟಿಲ್ಡ್ ವಾಟರ್) ತುಂಬಿ, ಓಡಿಸಿ, ಮತ್ತೆ ಬಿಟ್ಟು, ನೀರು ತಿಳಿಯಾಗುವವರೆಗೂ ಹೀಗೇ ಮಾಡಿದೆವು. ಹೊರಬಿದ್ದ ನೀರನ್ನು ಕ್ಯಾನಿನಲ್ಲಿ ಹಿಡಿದು ಮುಚ್ಚಿಟ್ಟೆವು. ಬಹಳ ಕಡೆ ಇದನ್ನು ಗಟಾರಿಗೆ ಚೆಲ್ಲುತ್ತಾರೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ಬೇಸಿಗೆಯಲ್ಲಿ ಓಣಿಯ ನಾಯಿ ಬೆಕ್ಕು ನೆಕ್ಕುತ್ತವೆ, ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಡಬ್ಬಿಯನ್ನು ಅಟ್ಟದ ಮೇಲಿಡಿ.

"ನಮ್ಮ ಊರಾಗ ಹಿಮ ಬೀಳ್ತದೇನ್ರಿ, ಕೂಲಂಟ್ ಯಾಕ?" ಇದು ಮಾಸ್ತರರ ಪ್ರಶ್ನೆ, ಊರಿನ ಅರ್ಧ ಜನರ ಪ್ರಶ್ನೆಯೂ ಹೌದು. ಹೆಪ್ಪುಗಟ್ಟುವ ಚಿಂತೆ ನಮಗಿಲ್ಲ, ನಿಜ. ಆದರೆ ತುಕ್ಕು ತಡೆಯುವುದು, ಅಲ್ಯೂಮಿನಿಯಂ ಹೆಡ್ ತಿನ್ನದಂತೆ ಕಾಯುವುದು, ಕುದಿಯುವ ಮಟ್ಟ ಏರಿಸುವುದು ಎಲ್ಲ ಅದರದೇ ಕೆಲಸ. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬೆರೆಸಿದರೆ ತುಕ್ಕಿನ ರಕ್ಷಣೆ ಸಾಲದು. ನಾವು ಅರ್ಧಕ್ಕರ್ಧ ಹಾಕಿದೆವು, ನೀರು ಬ್ಯಾಟರಿ ನೀರೇ. ಹಸಿರು, ಕೆಂಪು, ನೀಲಿ ಎಂದು ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಕಂಪನಿಯವರ ಇಷ್ಟ. ಕಾರಿನ ಪುಸ್ತಕದಲ್ಲಿ ಹೇಳಿದ ಜಾತಿಯದ್ದು ಬೇಕು. ಡಬ್ಬಿಯ ಮೇಲೆ ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂಬಂಥ ಗುರುತು ಇದೆಯಾ ನೋಡಿ. ಮೊದಲಿದ್ದದ್ದು ಯಾವುದು ಗೊತ್ತಿಲ್ಲದಿದ್ದರೆ ಬೆರೆಸುವ ಸಾಹಸ ಬೇಡ, ಪೂರ್ತಿ ತೊಳೆದು ಹೊಸದು ಹಾಕುವುದೇ ಲೇಸು.

ಕೊನೆಗೆ ಗಾಳಿ ತೆಗೆಯುವುದು. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಗಾಳಿ ಬಿಡುವ ತಿರುಪು ಸಡಿಲಿಸಿ ನಿಧಾನ ತುಂಬಿದೆವು. ಅದರಿಂದ ಗುಳ್ಳೆ ನಿಂತು ನೀರು ಬಂದ ಮೇಲೆ ಬಿಗಿದೆವು. ಎಂಜಿನ್ ಚಾಲೂ ಮಾಡಿ ಫ್ಯಾನ್ ಎರಡು ಸಲ ಬಂದು ಹೋಗುವವರೆಗೆ ಬಿಟ್ಟೆವು. ಮೇಲಿನ ಸಣ್ಣ ಹೋಸಿನಿಂದ ಟ್ಯಾಂಕಿಗೆ ನೀರು ಧಾರೆಯಾಗಿ ಬೀಳುತ್ತಿದ್ದರೆ ಸುತ್ತಾಟ ಸರಿಯಿದೆ. ಬೀಳುತ್ತಿತ್ತು. ಸ್ಕ್ಯಾನರಿನಲ್ಲಿ ಎಸಿ ಹಾಕಿದರೂ ತಾಪ 96ರ ಆಚೆ ಹೋಗಲಿಲ್ಲ. ತಣ್ಣಗಾದ ಮೇಲೆ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಕೆಳಗೆ ನಿಲ್ಲಿಸಿ, ಮಾರ್ಕರಿನಲ್ಲಿ ಗೆರೆ ಹಾಕಿ ತಾರೀಕು ಬರೆದೆವು.

ಲೆಕ್ಕ: ಟ್ಯಾಂಕ್ 1,150 ರೂಪಾಯಿ, ಮುಚ್ಚಳ 280, ರೆಸಿಸ್ಟರ್ 450, ಕೂಲಂಟ್ ಮತ್ತು ಬ್ಯಾಟರಿ ನೀರು ಸೇರಿ 1,300, ಕ್ಲಿಪ್ಪು 60, ಬೆಸುಗೆಯನ್ನೂ ಸೇರಿಸಿ ಕೂಲಿ 1,200. ಒಟ್ಟು 4,440. ಇದು ನಮ್ಮ ಗ್ಯಾರೇಜಿನ ಲೆಕ್ಕ. ಕಾರು ಬೇರೆಯಾದರೆ ಟ್ಯಾಂಕಿನ ಬೆಲೆ ಎರಡು ಮೂರು ಪಟ್ಟು ಆಗುವುದೂ ಉಂಟು.

ಆಮೇಲೆ

ಮೊದಲ ವಾರ ಮಟ್ಟ ಅರ್ಧ ಬೆರಳು ಇಳಿಯಿತು. ಅದು ಒಳಗುಳಿದ ಗಾಳಿ ಹೊರಬಂದದ್ದು. ಮಾಸ್ತರರಿಗೆ ಮೊದಲೇ ಹೇಳಿದ್ದೆ, ಹಾಗಾಗಿ ಕುತ್ತಿಗೆಯವರೆಗೆ ತುಂಬಲಿಲ್ಲ, ನಮ್ಮಲ್ಲಿಗೇ ಬಂದು ಹಾಕಿಸಿಕೊಂಡರು. ಏಪ್ರಿಲ್, ಮೇ ಎರಡು ತಿಂಗಳ ಬಿಸಿಲು ಕಳೆದು ಜೂನ್‌ನಲ್ಲಿ ನೋಡಿದಾಗ ನೀರು ಗೆರೆಯಲ್ಲೇ ಇತ್ತು. ಬೆಳಿಗ್ಗೆ ಹೋಸ್ ಗುಂಡಗಿತ್ತು. ಎಸಿ ನಿಂತಲ್ಲೂ ತಂಪು.

ಒಂದು ಕೆಲಸ ಬಾಕಿ ಇದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿನ ಉದ್ದಗಲ ನೋಡಿದಾಗ ಕೆಳಗಿನ ಒಂದು ಮೂಲೆ ಉಳಿದ ಭಾಗಕ್ಕಿಂತ ಬಹಳ ತಣ್ಣಗಿದೆ. ಅಲ್ಲಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿ ನೀರು ಹರಿಯುತ್ತಿಲ್ಲ. ಈಗ ತೊಂದರೆಯಿಲ್ಲ, ಮುಂದಿನ ಬೇಸಿಗೆಗೆ ಮುಂಚೆ ರೇಡಿಯೇಟರ್ ಇಳಿಸಿ ನೋಡಬೇಕು, ತೊಳೆದರೂ ಬಿಡದಿದ್ದರೆ ಬದಲಿಸಬೇಕು. ಮಾಸ್ತರರು ತೊಗರಿ ಮಾರಿದ ಮೇಲೆ ಎಂದಿದ್ದಾರೆ.